ಅದುಮಿದಾಗ ಲೋಹದ ನೊರೆ

ಅಲ್ಯೂಮಿನಿಯಂ ನೊರೆಯ ತುಂಡೊಂದನ್ನು ಎರಡು ಉಕ್ಕಿನ ತಟ್ಟೆಗಳ ನಡುವೆ ಇಟ್ಟು ನಿಧಾನವಾಗಿ ಅದುಮಿದರೆ ಒತ್ತಡದ ನಡೆಯಲ್ಲಿ ಮೂರು ಹಂತಗಳು ಕಾಣುತ್ತವೆ. ಮೊದಲು ಅದು ನೇರವಾಗಿ ಏರುತ್ತದೆ. ತುಂಡು ಶೇಕಡಾ ಕೆಲವೇ ಪಾಲು ಕುಗ್ಗುವಷ್ಟರಲ್ಲಿ ಏರಿಕೆ ನಿಲ್ಲುತ್ತದೆ. ಅಲ್ಲಿಂದ ಅರ್ಧಕ್ಕಿಂತ ಹೆಚ್ಚು ಎತ್ತರ ಕಳೆದುಕೊಳ್ಳುವವರೆಗೂ ಒತ್ತಡ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಕೋಶಗಳೆಲ್ಲ ಮಡಿಚಿ ಗೋಡೆಗೆ ಗೋಡೆ ತಾಗಿದ ಮೇಲೆ ಮತ್ತೆ ಕಡಿದಾಗಿ ಮೇಲೇರುತ್ತದೆ. ಡಿಕ್ಕಿಯ ಶಕ್ತಿಯನ್ನು ಹೀರಿಕೊಳ್ಳುವುದು ನಡುವಿನ ಸಮತಟ್ಟು ಹಂತ. ಆ ಮಟ್ಟ ಎಷ್ಟಿರುತ್ತದೆ, ಯಾಕೆ ಅಷ್ಟೇ ಇರುತ್ತದೆ ಎಂಬ ಪ್ರಶ್ನೆಯ ಸುತ್ತ ಈ ಅಧ್ಯಯನ ಶಾಖೆ ಬೆಳೆದಿದೆ.

ಎರಕದವರಿಗೆ ಗಾಳಿಗುಳ್ಳೆ ಎಂದರೆ ದೋಷ. ಬೆಳಗಾವಿಯ ಉದ್ಯಮಬಾಗಿನ ಫೌಂಡ್ರಿಯಲ್ಲಾಗಲಿ ಕೊಲ್ಹಾಪುರದಲ್ಲಾಗಲಿ ದೊಡ್ಡ ಬ್ಲೋಹೋಲ್ ಕಂಡ ಎರಕ ಮರಳಿ ಕುಲುಮೆಗೆ ಹೋಗುತ್ತದೆ. ಅದೇ ದೋಷವನ್ನು ಬೇಕೆಂದು ಮಾಡುವ ಯತ್ನ ಅಮೆರಿಕದಲ್ಲಿ ನಡೆಯಿತು. 1948ರ ಪೇಟೆಂಟಿನಲ್ಲಿ ಸೋಸ್ನಿಕ್ ಸೂಚಿಸಿದ್ದು ಅಲ್ಯೂಮಿನಿಯಂ ಒಳಗೆ ಪಾದರಸವನ್ನು ಆವಿಯಾಗಿಸುವ ದಾರಿ, ಅಪಾಯ ಹೇಳಬೇಕಿಲ್ಲ. 1956ರ ಪೇಟೆಂಟಿನಲ್ಲಿ ಎಲಿಯಟ್ ಪಾದರಸ ಬಿಟ್ಟು, ಬಿಸಿಗೆ ಹೈಡ್ರೋಜನ್ ಹೊರಬಿಡುವ ಹೈಡ್ರೈಡ್ ಪುಡಿಯನ್ನು ಆರಿಸಿಕೊಂಡರು. ತೊಡಕು ಉಳಿದದ್ದು ಗುಳ್ಳೆಯನ್ನು ನಿಲ್ಲಿಸುವುದರಲ್ಲಿ. ಕರೋಶಿ, ಚಿಕ್ಕೋಡಿ ಕಡೆಯ ಬೆಲ್ಲದ ಗಾಣಗಳಲ್ಲಿ ತೆಳ್ಳಗಿನ ಕಬ್ಬಿನ ಹಾಲಿನ ನೊರೆ ಏಳುತ್ತಲೇ ಒಡೆಯುತ್ತದೆ, ಪಾಕ ಮಂದವಾದ ಮೇಲೆ ಗುಳ್ಳೆ ಹೊತ್ತು ನಿಲ್ಲುತ್ತದೆ. ಕರಗಿದ ಅಲ್ಯೂಮಿನಿಯಮ್ಮಿಗೂ ಅಂಥ ಮಂದತನ ಬೇಕು. 1980ರ ದಶಕದಲ್ಲಿ ಜಪಾನಿನ ಶಿಂಕೊ ವೈರ್ ಸಂಸ್ಥೆ ಅದಕ್ಕೆ ಶೇಕಡಾ 1.5ರಷ್ಟು ಕ್ಯಾಲ್ಸಿಯಂ ಬೆರೆಸಿ, 680 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶೇಕಡಾ 1.6ರಷ್ಟು ಟೈಟಾನಿಯಂ ಹೈಡ್ರೈಡ್ ಕಲಸಿ ನೊರೆ ಎಬ್ಬಿಸಿತು. ಆಲ್ಪೊರಾಸ್ ಎಂಬ ಈ ಮುಚ್ಚುಕೋಶದ (ಪ್ರತಿ ಗುಳ್ಳೆಯನ್ನೂ ಗೋಡೆ ಸುತ್ತುವರಿದ) ನೊರೆಯನ್ನೇ ಮುಂದೆ ಜಗತ್ತಿನ ಪ್ರಯೋಗಾಲಯಗಳು ಹೆಚ್ಚಾಗಿ ಅದುಮಿ ನೋಡಿದವು. 1990ರ ಸುಮಾರಿಗೆ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ ಲೋಹದ ಪುಡಿಯಿಂದ ಹೊರಡುವ ಮತ್ತೊಂದು ದಾರಿ ತೆರೆಯಿತು.

ವಸ್ತು ಹೇರಳವಾಗಿ ಕೈಗೆ ಸಿಗುವ ಮುನ್ನವೇ ಸಿದ್ಧಾಂತ ಬಹುಮಟ್ಟಿಗೆ ತಯಾರಾಗಿತ್ತು. ಥಾರ್ನ್‌ಟನ್ ಮತ್ತು ಮ್ಯಾಗಿ 1975ರಲ್ಲಿ ಅಲ್ಯೂಮಿನಿಯಂ ನೊರೆಗಳು ರೂಪಗೆಡುವ ಬಗೆಯನ್ನು ಅಳೆದು ಪ್ರಕಟಿಸಿದ್ದರು. ಆದರೆ ಇಡೀ ಶಾಖೆಗೆ ಅಡಿಪಾಯ ಹಾಕಿದ್ದು ಲೋರ್ನಾ ಗಿಬ್ಸನ್ ಮತ್ತು ಮೈಕೆಲ್ ಆಶ್ಬಿ; 1988ರಲ್ಲಿ ಬಂದ ಅವರ ‘ಸೆಲ್ಯುಲರ್ ಸಾಲಿಡ್ಸ್’ ಮರ, ಬೆಂಡು, ಪ್ಲಾಸ್ಟಿಕ್ ನೊರೆ, ಲೋಹದ ನೊರೆ ಎಲ್ಲವನ್ನೂ ಒಂದೇ ಲೆಕ್ಕಕ್ಕೆ ತಂದಿತು. ನೊರೆಯ ಸಾಂದ್ರತೆಯನ್ನು ಘನಲೋಹದ ಸಾಂದ್ರತೆಯಿಂದ ಭಾಗಿಸಿದರೆ ಸಾಪೇಕ್ಷ ಸಾಂದ್ರತೆ ಸಿಗುತ್ತದೆ. ಗೋಡೆಗಳಿಲ್ಲದೆ ಅಂಚುಗಳಷ್ಟೇ ಇರುವ ತೆರೆದ ಕೋಶದ ನೊರೆಯಲ್ಲಿ ಆ ಅಂಚುಗಳು ಬಾಗುತ್ತವೆ. ಹಾಗಾಗಿ ಬಿಗುಪು (ರೂಪಗೆಡದಂತೆ ತಡೆಯುವ ಗುಣ) ಆ ಭಾಗಲಬ್ಧದ ವರ್ಗಕ್ಕೆ ಅನುಗುಣವಾಗಿರುತ್ತದೆ. ಸಮತಟ್ಟು ಒತ್ತಡ, ಘನಲೋಹ ಶಾಶ್ವತವಾಗಿ ಮಣಿಯತೊಡಗುವ ಒತ್ತಡವನ್ನು ಮೊದಲು 0.3ರಿಂದ, ಬಳಿಕ ಅದೇ ಭಾಗಲಬ್ಧದ ಒಂದೂವರೆ ಘಾತದಿಂದ ಗುಣಿಸಿದಷ್ಟು.

ಸಾಪೇಕ್ಷ ಸಾಂದ್ರತೆ 0.1 ಇರುವ, ಘನಲೋಹ 150 ಮೆಗಾಪಾಸ್ಕಲ್‌ಗೆ ಮಣಿಯುವ ನೊರೆಯ ಸಮತಟ್ಟು ಒತ್ತಡ ಈ ಸೂತ್ರದಂತೆ ಸುಮಾರು 1.4 ಮೆಗಾಪಾಸ್ಕಲ್. ಅಂದರೆ ತೂಕ ಹತ್ತನೆಯ ಒಂದು ಪಾಲಿಗೆ ಇಳಿದರೆ ಬಲ ನೂರನೆಯ ಒಂದು ಪಾಲಿಗೆ ಇಳಿಯುತ್ತದೆ. ಇದು ನಷ್ಟವೆಂದು ಕಂಡರೂ ಪ್ರಯೋಜನ ಇರುವುದು ಇಲ್ಲೇ. ಒಂದು ಲೀಟರ್ ಗಾತ್ರದ, 270 ಗ್ರಾಂ ತೂಗುವ ಆ ತುಂಡು ಶೇಕಡಾ 60ರಷ್ಟು ಕುಗ್ಗುವಾಗ ಸುಮಾರು 840 ಜೂಲ್ ಶಕ್ತಿಯನ್ನು ನುಂಗುತ್ತದೆ: 50 ಕಿಲೋ ಭಾರ 1.7 ಮೀಟರ್ ಎತ್ತರದಿಂದ ಬಿದ್ದಾಗ ಬರುವಷ್ಟು ಶಕ್ತಿ. ಅದನ್ನು ನುಂಗುವಾಗ ಹಿಂದಿರುವ ವಸ್ತುವಿನ ಮೇಲೆ 1.4 ಮೆಗಾಪಾಸ್ಕಲ್‌ಗಿಂತ ಹೆಚ್ಚೇನೂ ಹೊರೆ ಬೀಳುವುದಿಲ್ಲ.

ಮುಚ್ಚುಕೋಶದ ನೊರೆಗೆ ಈ ಲೆಕ್ಕ ಇನ್ನೂ ಹೆಚ್ಚು ಬಲವನ್ನು ಹೇಳುತ್ತಿತ್ತು. ಅಂಚು ಬಾಗುವುದರ ಜೊತೆಗೆ ಕೋಶದ ಗೋಡೆಗಳು ಹಿಗ್ಗಿ ಭಾರ ಹೊರಬೇಕಲ್ಲವೇ? ಹೊರಲಿಲ್ಲ. 1990ರ ದಶಕದಲ್ಲಿ ಅಳೆದು ನೋಡಿದ ನೊರೆಗಳು ಸೂತ್ರ ಹೇಳಿದ್ದಕ್ಕಿಂತ ಬಹಳ ಮೆತ್ತಗಿದ್ದವು. ಮುಚ್ಚುಕೋಶದವೂ ತೆರೆದ ಕೋಶದವುಗಳ ಹಾಗೆಯೇ ನಡೆದುಕೊಂಡವು. 1997ರಲ್ಲಿ ಸುಗಿಮುರಾ, ಇವಾನ್ಸ್ ಮತ್ತು ಸಂಗಡಿಗರು ಬಾಗಿದ, ಸುಕ್ಕುಬಿದ್ದ ಗೋಡೆಗಳತ್ತ ಬೆರಳು ತೋರಿಸಿದರು. ಮರುವರ್ಷ ಬಾರ್ಟ್-ಸ್ಮಿತ್ ತಂಡ ಎಕ್ಸ್-ರೇ ಟೊಮೊಗ್ರಫಿಯಲ್ಲಿ ನೊರೆಯ ಒಳಗನ್ನೂ ಮೇಲ್ಮೈಯ ಚಿತ್ರಗಳಲ್ಲಿ ಹೊರಗನ್ನೂ ಒಟ್ಟಿಗೆ ನೋಡಿತು. ತುಂಡು ಎಲ್ಲೆಡೆ ಒಂದೇ ಸಮನೆ ಕುಗ್ಗುವುದಿಲ್ಲ. ಸುಮಾರು ಒಂದು ಕೋಶದಷ್ಟು ದಪ್ಪದ ಪಟ್ಟಿಯೊಂದು ಮೊದಲು ಕುಸಿಯುತ್ತದೆ, ನಂತರ ಮತ್ತೊಂದು. ಗರಿಷ್ಠ ಒತ್ತಡ ಮುಟ್ಟುವ ಮುನ್ನವೇ ಈ ಪಟ್ಟಿಗಳು ಹುಟ್ಟಿರುತ್ತವೆ. ನೇರ ಗೆರೆಯೆಂದು ಕಾಣುವ ಮೊದಲ ಹಂತದ ಓರೆ ನಿಜವಾದ ಬಿಗುಪಿಗಿಂತ ಕಡಿಮೆ ಇರುವುದಕ್ಕೂ ಇದೇ ಕಾರಣ. ಬಿಗುಪನ್ನು ಅಳೆಯಲು ಭಾರ ಇಳಿಸುವಾಗಿನ ಗೆರೆಯನ್ನು ನೋಡಬೇಕು. ಈ ಶಾಖೆಯ ದೊಡ್ಡ ತಿರುವು ಇದೆಂದರೆ ತಪ್ಪಾಗದು. ಅಲ್ಲಿಯವರೆಗೆ ನೊರೆ ಎಂದರೆ ಒಂದು ಸರಾಸರಿ. ಆಮೇಲೆ ಅದು ದುರ್ಬಲ ಕೋಶಗಳು ಸರದಿಯಲ್ಲಿ ಕುಸಿಯುವ ಜೋಡಣೆ.

ಸರಾಸರಿ ಸಾಲದೆಂದಾದರೆ ಅಳತೆಗಳು ತುಂಡಿನಿಂದ ತುಂಡಿಗೆ ಎಷ್ಟು ಬದಲಾಗುತ್ತವೆ ಎಂಬುದು ಮುಂದಿನ ಪ್ರಶ್ನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಯು. ರಾಮಮೂರ್ತಿ ಈ ಪ್ರಶ್ನೆಯನ್ನೇ ಹಿಡಿದರು, ಎ. ಪಾಲ್ ಜೊತೆಗಿನ ಅವರ 2004ರ ಪ್ರಬಂಧದ ವಸ್ತು ಲೋಹದ ನೊರೆಯ ಗುಣಗಳಲ್ಲಿನ ಏರುಪೇರು. ವಿನ್ಯಾಸಕಾರನಿಗೆ ಇದು ಸಣ್ಣ ವಿಷಯವಲ್ಲ. ಬಲ ಸಾಂದ್ರತೆಯ ಒಂದೂವರೆ ಘಾತದಲ್ಲಿ ಬದಲಾಗುವುದರಿಂದ, ಸಾಂದ್ರತೆಯಲ್ಲಿ ಶೇಕಡಾ 10ರ ವ್ಯತ್ಯಾಸವೊಂದೇ ಬಲದಲ್ಲಿ ಶೇಕಡಾ 15ರ ವ್ಯತ್ಯಾಸ ತರುತ್ತದೆ. ಅದೇ ವರ್ಷ ಅವರು ಶಂಕುವಿನಾಕಾರದ ಮೊನೆಯನ್ನು ನೊರೆಗೆ ಒತ್ತಿ ಗುಣಗಳನ್ನು ಅಳೆಯುವ ಬಗೆಯನ್ನೂ ಪ್ರಕಟಿಸಿದರು. 2008ರಲ್ಲಿ ಬರ್ಲಿನ್ನಿನ ಜಾನ್ ಬಾನ್‌ಹಾರ್ಟ್ ತಂಡದೊಡನೆ ಸೇರಿ, ಪಕ್ಕಗಳನ್ನು ಬಿಗಿಯಾಗಿ ಹಿಡಿದ ನೊರೆಯನ್ನು ಮತ್ತೆ ಮತ್ತೆ ಅದುಮಿದರೆ ಆಗುವ ದಣಿವಿನ ಅಧ್ಯಯನ ಬಂತು. ಬಳಕೆಯಲ್ಲಿ ನೊರೆ ಹಲವು ವೇಳೆ ಕೊಳವೆಯೊಳಗೆ ಕೂರುವುದರಿಂದ ಇದು ಬೇಕಾದ ಪರೀಕ್ಷೆಯೇ.

ಎಲ್ಲ ದಿಕ್ಕಿನಿಂದ ಸಮನಾಗಿ ಒತ್ತಿದರೆ ಘನಲೋಹ ಮಣಿಯುವುದಿಲ್ಲ, ನೊರೆ ಮಣಿಯುತ್ತದೆ. ಮೇಲಿನಿಂದ ಅದುಮಿದಾಗ ಘನಲೋಹ ಪಕ್ಕಕ್ಕೆ ಉಬ್ಬಿದರೆ ನೊರೆ ಉಬ್ಬುವುದೇ ಇಲ್ಲವೆನ್ನಬಹುದು. ಈ ಎರಡನ್ನೂ ಸೇರಿಸಿಕೊಂಡ ಗಣಿತ ಮಾದರಿಯನ್ನು ದೇಶಪಾಂಡೆ ಮತ್ತು ಫ್ಲೆಕ್ 2000ದಲ್ಲಿ ಕೊಟ್ಟರು; ಡಿಕ್ಕಿಯ ಕಂಪ್ಯೂಟರ್ ಲೆಕ್ಕಾಚಾರಗಳಲ್ಲಿ ಅದು ಈಗಲೂ ನಡೆಯುತ್ತಿದೆ.

ವೇಗದ ವಿಷಯದಲ್ಲಿ ಒಮ್ಮತ ತಡವಾಯಿತು. ಅದುಮುವ ವೇಗ ಹೆಚ್ಚಿದಂತೆ ಆಲ್ಪೊರಾಸ್ ಗಟ್ಟಿಯಾಗುತ್ತದೆಂದು ಕೆಲವರು ಅಳೆದರೆ, ದೇಶಪಾಂಡೆ ಮತ್ತು ಫ್ಲೆಕ್ ತಾವು ನೋಡಿದ ಬೇರೆ ಎರಡು ನೊರೆಗಳಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಒಳಗೆ ಸಿಕ್ಕ ಗಾಳಿ ಕಾರಣವೇ? ವಾತಾವರಣದ ಒತ್ತಡದಲ್ಲಿದ್ದ ಗಾಳಿ, ತುಂಡು ಅರ್ಧಕ್ಕೆ ಕುಗ್ಗಿದಾಗಲೂ ಕೊಡುವ ಹೆಚ್ಚುವರಿ ಪ್ರತಿರೋಧ 0.13 ಮೆಗಾಪಾಸ್ಕಲ್ ಆಸುಪಾಸು; ಗೋಡೆ ಹರಿದರೆ ಅದೂ ಇಲ್ಲ. ಆದ್ದರಿಂದ ವ್ಯತ್ಯಾಸವನ್ನು ಗೋಡೆಯ ಲೋಹದಲ್ಲಿ, ಕೋಶದ ಆಕಾರದಲ್ಲಿ ಹುಡುಕಬೇಕು. ವೇಗ ಸೆಕೆಂಡಿಗೆ ಹತ್ತಾರು ಮೀಟರ್ ದಾಟಿದ ಮೇಲೆ ಮಾತ್ರ ಚಿತ್ರವೇ ಬೇರೆ: ದುರ್ಬಲ ಪಟ್ಟಿ ಎಲ್ಲೇ ಇರಲಿ, ಕುಸಿತ ಪೆಟ್ಟು ಬಿದ್ದ ಕಡೆಯಿಂದಲೇ ಹೊರಟು ಆಘಾತ ತರಂಗವಾಗಿ ಸಾಗುತ್ತದೆ. ಈ ವಿವರಣೆಯನ್ನು ರೀಡ್ ಮತ್ತು ಪೆಂಗ್ 1997ರಲ್ಲಿ ರೂಪಿಸಿದ್ದು ಮರದ ತುಂಡುಗಳಿಗಾಗಿ. ಲೋಹದ ನೊರೆಗೆ ಅದು ಬಳಿಕ ಬಂತು.

ಪರೀಕ್ಷೆಯ ರೀತಿಗೆ ಅಂತರರಾಷ್ಟ್ರೀಯ ಮಾನಕ ಬಂದದ್ದು 2011ರಲ್ಲಿ. ಐಎಸ್ಒ 13314ರಂತೆ ತುಂಡಿನ ಪ್ರತಿ ಅಳತೆಯೂ ಕೋಶದ ಗಾತ್ರದ ಹತ್ತು ಪಟ್ಟಾದರೂ ಇರಬೇಕು. ಸಮತಟ್ಟು ಹಂತ ಮುಗಿಯಿತೆನ್ನುವುದು ಒತ್ತಡ ಅದರ ಸರಾಸರಿಯ 1.3 ಪಟ್ಟು ಮುಟ್ಟಿದಾಗ. ಭೋಪಾಲದ ಸಿಎಸ್ಐಆರ್ ಪ್ರಯೋಗಾಲಯ ಆಂಪ್ರಿಯಲ್ಲಿ ಹಾರುಬೂದಿಯ ಟೊಳ್ಳು ಗೋಲಿಗಳನ್ನು ಅಲ್ಯೂಮಿನಿಯಂಗೆ ಬೆರೆಸಿ ಮಾಡಿದ ನೊರೆಗಳ ಮೇಲೂ ಅದುಮುವ ಪರೀಕ್ಷೆಗಳು ನಡೆದಿವೆ.