ನಿರ್ವಾಣ
ಹಿಜಡಾ ಸಮುದಾಯದವರು ದೇಹವನ್ನು ತಮ್ಮ ಅಂತರಂಗದ ಸ್ತ್ರೀತ್ವಕ್ಕೆ ಅನುರೂಪವಾಗಿಸಿಕೊಳ್ಳಲು ಕೈಕೊಳ್ಳುವ ಶಸ್ತ್ರಕ್ರಿಯೆಗೆ ಅವರಲ್ಲಿಯೇ ರೂಢವಾದ ಹೆಸರು. ಪೂರ್ವದಲ್ಲಿ ದಾಯಿಯೆನಿಸಿದ ಅನುಭವಸ್ಥೆಯೊಬ್ಬಳು ಸಮುದಾಯದ ಆರಾಧ್ಯದೇವತೆಯಾದ ಬಹುಚರಾ ಮಾತೆಯನ್ನು ಪೂಜಿಸಿ, ಪ್ರಾಣಾಪಾಯಕ್ಕೆ ಅಂಜದೆ ನೆರವೇರಿಸುತ್ತಿದ್ದ ಈ ಕಾರ್ಯವು ಈಚೆಗೆ ಬಹುಮಟ್ಟಿಗೆ ಆಸ್ಪತ್ರೆಗಳಿಗೆ ಸಾಗಿದೆಯಾದರೂ, ಶುಶ್ರೂಷೆಯ ಭಾರವನ್ನು ಗುರುವೂ ಜೊತೆಯ ಚೇಲಾಗಳೂ (ಶಿಷ್ಯೆಯರೂ) ಹೊರುವುದುಂಟು. ಪೂರ್ವಾನುಭವಿಗಳು ನೋವಿನ ಸ್ವರೂಪವನ್ನು ಮುಂಚಿತವಾಗಿಯೇ ತಿಳಿಸುವರು. ಬಳಿಕ 40 ದಿನಗಳವರೆಗೆ, ಬಾಣಂತಿಯ ಆರೈಕೆಯನ್ನು ಹೋಲುವ ಪಥ್ಯದಲ್ಲಿರಿಸಿ, ಕನ್ನಡಿ ನೋಡದಂತೆ, ಪುರುಷರ ಕಣ್ಣಿಗೆ ಬೀಳದಂತೆ ಕಾಯ್ದು, ಕೊನೆಯಲ್ಲಿ ಅರಿಸಿನ ಹಚ್ಚಿ ಮೀಯಿಸಿ ಮದುವಣಗಿತ್ತಿಯಂತೆ ಸಿಂಗರಿಸುವರು. ಈ ನಿಷೇಧಗಳ ವೈದ್ಯಕೀಯ ಪ್ರಯೋಜನವು ಸಂದೇಹಾಸ್ಪದವೇ ಆಗಿರಲಿ, ಗಾಯ ಮಾಯುವ ತನಕ ಒಬ್ಬಳನ್ನು ಏಕಾಕಿಯಾಗಿ ಬಿಡದ ವಿವೇಕವು ಅಲ್ಪವಾದುದಲ್ಲ. ಇದೇ ಸಮುದಾಯದ ಲೇಖಕಿ ಎ. ರೇವತಿಯವರ ಆತ್ಮಕಥೆಯಲ್ಲಿ ಈ ಅನುಭವದ ನಿರೂಪಣೆಯಿದೆ. ಭಾರತದ ಲಿಂಗಾಂತರಿ ವ್ಯಕ್ತಿಗಳ 2019ರ ಅಧಿನಿಯಮವು ಇಂತಹ ಚಿಕಿತ್ಸೆಯ ಸೌಲಭ್ಯವನ್ನು ಕಲ್ಪಿಸುವ ಹೊಣೆಯನ್ನು ಸರ್ಕಾರಗಳಿಗೆ ವಹಿಸಿದೆ.