ರಾಯಲ್ ಕಾಗದದ ವಂಶಾವಳಿ

ನಿಮ್ಮ ಕಪಾಟಿನಲ್ಲಿ ಹಳೆಯ ಕನ್ನಡ ಪುಸ್ತಕಗಳಿದ್ದರೆ ಅವುಗಳ ಮೊದಲ ಹಾಳೆಗಳನ್ನು ತಿರುವಿ ನೋಡಿರಿ. ‘ಕ್ರೌನ್ 1/8’ ಅಥವಾ ‘ಡೆಮಿ 1/8’ ಎಂಬ ಬರಹ ಕಂಡೀತು. ಮುದ್ರಣ ಕಾಶಿಯೆನಿಸಿದ ಗದಗ-ಬೆಟಗೇರಿಯ ಮೊಳೆಜೋಡಣೆಯ ಅಚ್ಚುಕೂಟಗಳಿಗೆ ಇವು ನಿತ್ಯದ ಮಾತುಗಳಾಗಿದ್ದವು. ರಾಯಲ್, ಇಂಪೀರಿಯಲ್ ಎಂಬವೂ ಇವುಗಳ ಬಳಗದವೇ.

ಇವು ಅಪ್ಪಟ ಇಂಗ್ಲಿಷ್ ಹೆಸರುಗಳೆಂದು ನೀವು ತಿಳಿದಿರಬಹುದು. ಆದರೆ ಇಟಲಿಯ ಬೊಲೋನ್ಯಾ ನಗರದಲ್ಲಿ 14ನೆಯ ಶತಮಾನದ ಒಂದು ಶಿಲಾಫಲಕವುಂಟು. ಕಾಗದದ ನಾಲ್ಕು ಅಳತೆಗಳನ್ನು ಅದರ ಮೇಲೆ ಕೊರೆದಿದ್ದಾರೆ: ಇಂಪೆರಿಯಾಲೆ, ರೆಯಾಲೆ, ಮೆಜಾನೆ, ರೆಚೂಟೆ. ಇಂಗ್ಲಿಷಿನಲ್ಲಿ ಮೊದಲಿನ ಮೂರು ಇಂಪೀರಿಯಲ್, ರಾಯಲ್, ಮೀಡಿಯಂ ಆದವು. ಎಲ್ಲಕ್ಕಿಂತ ಚಿಕ್ಕದಾದ ರೆಚೂಟೆಯ ಹೆಸರು ಮಾತ್ರ ಅಲ್ಲಿ ನೆಲೆಯೂರಲಿಲ್ಲ.

ಶಬ್ದ ಬಂದಿತೆಂದು ಅಳತೆಯೂ ಬಂದಿತೆ? ಇಲ್ಲ. ಬೊಲೋನ್ಯಾದ ರೆಯಾಲೆ ಸುಮಾರು 44.5ಕ್ಕೆ 61.5 ಸೆಂಟಿಮೀಟರು. ಇಂಗ್ಲಿಷರ ಮುದ್ರಣದ ರಾಯಲ್ 20ಕ್ಕೆ 25 ಅಂಗುಲ, ಅಂದರೆ ಸುಮಾರು 51ಕ್ಕೆ 63.5 ಸೆಂಟಿಮೀಟರು. ಒಂದನ್ನು ಇನ್ನೊಂದೆಂದು ಭಾಷಾಂತರಿಸಿದರೆ ಶಬ್ದ ಸರಿ, ಕಾಗದ ತಪ್ಪು!

ಇನ್ನು ಎಣಿಕೆಯ ಮಾತು. ಅರಬ್ಬಿಯ ರಿಜ್ಮಾ ಎಂದರೆ ಕಟ್ಟು. ಅದು ಇಟಲಿಯಲ್ಲಿ ರಿಜ್ಮಾ ಆಗಿಯೇ ನಿಂತು, ಇಂಗ್ಲಿಷಿನಲ್ಲಿ ರೀಮ್ ಆಗಿ, ನಮ್ಮಲ್ಲಿಗೆ ರೀಮು ಎಂದು ಬಂದಿತು. ದಸ್ತಾ ಎಂಬುದು ಬೇರೆ ದಾರಿ ಹಿಡಿದು ಬಂದದ್ದು. ಪಾರಸಿಯಲ್ಲಿ ದಸ್ತ್ ಎಂದರೆ ಕೈ. ಲಕ್ಷ್ಮೇಶ್ವರವು ಮಿರಜ ಸಂಸ್ಥಾನದಲ್ಲಿ, ಶಿರಹಟ್ಟಿಯು ಸಾಂಗಲಿ ಸಂಸ್ಥಾನದಲ್ಲಿ ಇದ್ದ ಕಾಲ 1948ರಲ್ಲಿ ಮುಗಿಯಿತು. ಆದರೆ ಕಾಗದ, ದಫ್ತರಗಳಂಥ ಪರದೇಶದ ಮಾತುಗಳು ನಮ್ಮವೇ ಆಗಿ ಉಳಿದವು. 24 ಹಾಳೆಗೆ ಒಂದು ದಸ್ತಾ, 20 ದಸ್ತಾಕ್ಕೆ 480 ಹಾಳೆಯ ಒಂದು ರೀಮು. ಹೀಗೆ ಎರಡು ದಾರಿಗಳಿಂದ ಬಂದ ಶಬ್ದಗಳು ಒಂದೇ ಲೆಕ್ಕದಲ್ಲಿ ಕೂಡಿಕೊಂಡವು. ಮುಂದೆ ರೀಮು 500 ಹಾಳೆಯದಾಯಿತು. ಇಲ್ಲಿಯೂ ಹೆಸರು ಅದೇ, ಲೆಕ್ಕ ಬೇರೆ.

ಇಂದು ಎ-4 ಹಾಳೆ ಎಲ್ಲೆಡೆಯೂ ನಡೆಯುತ್ತದೆ. ಮೊಳೆ ಜೋಡಿಸುವ ಕೈಗಳು ವಿರಳವಾಗಿವೆ. ಆದರೆ 15ಕ್ಕೆ 20 ಅಂಗುಲದ ಕ್ರೌನ್ ಹಾಳೆಯನ್ನು ಮೂರು ಸಲ ಮಡಿಸಿದರೆ 8 ಎಲೆ, 16 ಪುಟ ಆಗುತ್ತವೆಂಬುದು ತಿಳಿಯದವನಿಗೆ ‘ಕ್ರೌನ್ 1/8’ ಬರಿಯ ಒಗಟು. ನಿಮ್ಮ ಊರಿನಲ್ಲಿ ಹಳೆಯ ಮುದ್ರಕರಿದ್ದರೆ ಅವರನ್ನು ಕೇಳಿ ಇಂಥ ಮಾತುಗಳನ್ನು ಬರೆದಿಡಿರಿ. ಹೆಸರಿನ ಮುಂದೆ ಅಳತೆಯನ್ನೂ ಬರೆಯುವುದನ್ನು ಮಾತ್ರ ಮರೆಯಬೇಡಿರಿ.