ಶೃಂಗೇರಿಯ ರಾಶಿಸ್ತಂಭಗಳು

ದೇವಾಲಯವು ಪೂಜಾಸ್ಥಾನವಾಗಿರುವಂತೆಯೇ ಒಂದೊಂದು ಕಡೆಯಲ್ಲಿ ಕಾಲವನ್ನು ಅಳೆಯುವ ಸ್ಥಾನವೂ ಆಗಿರುವುದುಂಟು. ತುಂಗಾತೀರದಲ್ಲಿರುವ ಶೃಂಗೇರಿಯ ವಿದ್ಯಾಶಂಕರ ದೇವಾಲಯವನ್ನು ಇದಕ್ಕೆ ನಿದರ್ಶನವಾಗಿ ಹೇಳುವುದು ವಾಡಿಕೆ. ವಿದ್ಯಾತೀರ್ಥರ ಸ್ಮರಣಾರ್ಥವಾಗಿ 1338ರಲ್ಲಿ ಅದು ನಿರ್ಮಿತವಾಯಿತೆಂಬುದು ಸಂಪ್ರದಾಯದ ಮಾತು. 1346ರಲ್ಲಿ ಹರಿಹರನೂ ಅವನ ಸೋದರರೂ ಶೃಂಗೇರಿಯಲ್ಲಿ ಕೂಡಿ ಭಾರತೀತೀರ್ಥರಿಗೂ ಅವರ ಶಿಷ್ಯರಿಗೂ ಭೂದಾನ ಮಾಡಿದುದು ಶಾಸನದಿಂದ ತಿಳಿಯುವುದಾದುದರಿಂದ, ವಿಜಯನಗರದ ಉದಯಕಾಲದಲ್ಲಿ ಈ ಕ್ಷೇತ್ರಕ್ಕಿದ್ದ ಗೌರವವು ಸ್ಪಷ್ಟವೇ ಆಗಿದೆ.

ಪೂರ್ವಾಭಿಮುಖವಾದ ಈ ದೇವಾಲಯದ ಮಂಟಪದಲ್ಲಿ ಹನ್ನೆರಡು ಕಂಬಗಳುಂಟು. ಒಂದೊಂದರಲ್ಲಿಯೂ ಮೇಷಾದಿ ರಾಶಿಗಳಲ್ಲಿ ಒಂದನ್ನು ಕೆತ್ತಿದೆ. ಸಿಂಹಾಕೃತಿಗಳ ಬಾಯಲ್ಲಿ ಉರುಳುವ ಕಲ್ಲಿನ ಗುಂಡುಗಳಿವೆ. ಸೂರ್ಯನು ಯಾವ ರಾಶಿಯಲ್ಲಿರುವನೋ ಆ ರಾಶಿಯ ಕಂಬದ ಮೇಲೆಯೇ ಎಳೆಬಿಸಿಲು ಬೀಳುವುದೆಂದು ಜನರು ಹೇಳುವರು.

ಈ ಹೇಳಿಕೆಯನ್ನು ಪರೀಕ್ಷಿಸುವುದರಿಂದ ಶಿಲ್ಪಿಯ ಗೌರವಕ್ಕೆ ಕುಂದಿಲ್ಲ. ಮಿರ್ಜಾನ, ಕುಮಟೆಗಳ ಕಡೆಯವರು ಸೂರ್ಯನು ಕಡಲಿನಲ್ಲಿ ಮುಳುಗುವ ಎಡೆಯು ಋತುವಿನೊಡನೆ ಉತ್ತರಕ್ಕೂ ದಕ್ಷಿಣಕ್ಕೂ ಸರಿಯುವುದನ್ನು ಕಂಡೇ ಇರುವರು. ಉದಯದ ಎಡೆಯೂ ಹಾಗೆಯೇ. ಶೃಂಗೇರಿಯ ಅಕ್ಷಾಂಶದಲ್ಲಿ ಅದು ನೇರ ಪೂರ್ವದಿಂದ ಎರಡು ಕಡೆಗೂ ಸುಮಾರು 24 ಅಂಶಗಳವರೆಗೆ ಸರಿಯುವುದು. ಆದರೆ ಹೋದ ದಾರಿಯಲ್ಲಿಯೇ ಸೂರ್ಯನು ಹಿಂದಿರುಗುವನು. ಆದುದರಿಂದ ಅಯನಾಂತಗಳನ್ನುಳಿದು ಪ್ರತಿಯೊಂದು ಉದಯಸ್ಥಾನವೂ ವರ್ಷದಲ್ಲಿ ಎರಡು ಸಲ ಒದಗುವುದು. ಬೆಳಗಿನ ಕಿರಣದ ದಿಕ್ಕೊಂದರಿಂದಲೇ ಹನ್ನೆರಡು ಮಾಸಗಳನ್ನು ಬೇರೆಬೇರೆಯಾಗಿ ಗುರುತಿಸುವುದು ಸಾಧ್ಯವಲ್ಲ. ಉತ್ತರಾಯಣವೋ ದಕ್ಷಿಣಾಯನವೋ ಎಂಬುದನ್ನು ನೋಡುವವನೇ ಅರಿತಿರಬೇಕು.

ಇನ್ನೊಂದು ತೊಡಕು ಅಯನಚಲನದ್ದು. ಹದಿನಾಲ್ಕನೆಯ ಶತಮಾನದಲ್ಲಿ ಮಕರಸಂಕ್ರಾಂತಿಯು ನಿಜವಾದ ಉತ್ತರಾಯಣಾರಂಭಕ್ಕಿಂತ ಸುಮಾರು ಎರಡು ವಾರ ತಡವಾಗಿ ಬರುತ್ತಿದ್ದಿತು. ಈಗ ಮೂರು ವಾರಗಳಿಗೂ ಮಿಕ್ಕು ತಡವಾಗಿ ಬರುವುದು. ಕಲ್ಲು ಇದ್ದಲ್ಲಿಯೇ ಇದೆ. ಪಂಚಾಂಗದ ಮಾಸವು ಸರಿದಿದೆ. ಅಂದು ಸರಿಹೊಂದಿದ್ದ ಗುರುತು ಇಂದು ಅದೇ ದಿನಕ್ಕೆ ಹೊಂದಲಾರದು.

ಹಾಗಾದರೆ ರಾಶಿಸ್ತಂಭಗಳು ವ್ಯರ್ಥವೇ? ಹಾಗೆನ್ನುವುದು ಅವಿಚಾರವಾದೀತು. ಕರ್ಕ ಸಿಂಹ ಮಾಸಗಳಲ್ಲಿ ಮಲೆನಾಡಿನ ಮಳೆಯು ಸೂರ್ಯನನ್ನೇ ಮರೆಮಾಡುವುದೆಂಬುದು ಅಲ್ಲಿಯ ಶಿಲ್ಪಿಗೆ ತಿಳಿಯದ ಸಂಗತಿಯಲ್ಲ. ಬಿಸಿಲನ್ನೇ ನಂಬಿ ವರ್ಷವನ್ನೆಲ್ಲ ಎಣಿಸುವ ಯಂತ್ರವನ್ನು ಅವನು ಉದ್ದೇಶಿಸಿದ್ದನೆಂದು ತೋರುವುದಿಲ್ಲ. ಒಳಗೆ ಬರುವ ಪ್ರತಿಯೊಬ್ಬನೂ ಸೂರ್ಯಪಥದ ನಡುವೆ ನಡೆಯುವಂತೆ ಆ ಮಂಟಪವನ್ನು ಅವನು ರಚಿಸಿದನು. ಕಲ್ಲಿನಲ್ಲಿ ಆಕಾಶವನ್ನು ನಿಲ್ಲಿಸಿದ ಆ ಕಲ್ಪನೆಗೆ, ಇಲ್ಲದ ಮಹಿಮೆಯನ್ನು ಅಂಟಿಸುವ ಅವಶ್ಯಕತೆಯಿಲ್ಲ.